ನಾಯಿ ಓಡಾಡುವ ಹಿತ್ತಲಿಗೆ ಎಂಥ ಹುಲ್ಲು?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಲ್ಯಾಬ್ರಡಾರ್ ಇದೆ. ಹಿತ್ತಲ ಹುಲ್ಲೆಲ್ಲ ಅದರ ಮೂತ್ರಕ್ಕೆ ಸುಟ್ಟುಹೋಗಿ, ಮಳೆ ಬಂದರೆ ಬರೀ ಕೆಸರು. ಕೃತಕ ಹುಲ್ಲು ಹಾಸೋಣವೆಂದರೆ ಅಂಗಡಿಯವರು 50 ಮಿ.ಮೀ. ಎತ್ತರದ್ದನ್ನೇ ತೋರಿಸಿ, ಇದಕ್ಕಿಂತ ಒಳ್ಳೆಯದಿಲ್ಲ ಅನ್ನುತ್ತಾರೆ. ತೆಗೆದುಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಉದ್ದನೆಯ ಎಳೆ ನೋಡಲು ಚೆಂದ, ಆದರೆ ಅದರಲ್ಲಿ ಸಿಕ್ಕಿಕೊಂಡ ಮಲವನ್ನು ಬಾಚಿ ತೆಗೆಯುವ ಕೆಲಸ ಅಂಗಡಿಯವರದಲ್ಲ, ನಿಮ್ಮದು. ಲ್ಯಾಬ್ರಡಾರ್‌ನಂಥ ಭಾರದ ನಾಯಿ ಓಡಾಡಿದರೆ ಅಂಥ ಎಳೆ ಬೇಗ ಮಲಗಿಯೂ ಬಿಡುತ್ತದೆ. 25ರಿಂದ 35 ಮಿ.ಮೀ. ಸಾಕು. ಎತ್ತರಕ್ಕೆ ಕೊಡುವ ದುಡ್ಡನ್ನು ದಟ್ಟಣೆಗೆ ಕೊಡಿ.

ಮುಖ್ಯವಾದದ್ದು ತಳ. ಮಾದರಿ ತುಂಡನ್ನು ಮಗುಚಿ ನೋಡಿ. ಹೆಚ್ಚಿನ ಅಗ್ಗದ ಹಾಸುಗಳ ಬೆನ್ನಿಗೆ ಲೇಟೆಕ್ಸ್ ಬಳಿದು, ಅಲ್ಲಲ್ಲಿ ತೂತು ಹೊಡೆದಿರುತ್ತಾರೆ. ತೂತಿಗೆ ಬಿದ್ದ ಮೂತ್ರ ಇಳಿಯುತ್ತದೆ, ಉಳಿದದ್ದು ಅಲ್ಲೇ ನಿಲ್ಲುತ್ತದೆ. ಅದರಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದೇ. ಪಾಲಿಯುರೆಥೇನ್ ಬೆನ್ನಿನದು ತುಟ್ಟಿ, ಆದರೆ ಮೂತ್ರವನ್ನು ಅಷ್ಟಾಗಿ ಹೀರುವುದಿಲ್ಲ. ಇಡೀ ಬೆನ್ನಿನಿಂದ ನೀರು ಸೋರುವಂಥದ್ದು ಸಿಕ್ಕರೆ ಇನ್ನೂ ಉತ್ತಮ. ಅಂಗಡಿಯಲ್ಲೇ ಒಂದು ಲೋಟ ನೀರು ಸುರಿದು ನೋಡಿ, ಸಂಕೋಚ ಬೇಡ.

ಹಾಸುವ ಮುನ್ನ ಮೇಲ್ಮಣ್ಣು ತೆಗೆಸಿ, ಮೂರು ನಾಲ್ಕು ಇಂಚು ಜಲ್ಲಿ ಹಾಕಿ ದಮ್ಮಸ್ಸು ಮಾಡಿಸಿ. ಹತ್ತು ಅಡಿಗೆ ಒಂದೂವರೆಯಿಂದ ಎರಡು ಇಂಚು ವಾಟ ಇರಲಿ. ಗುತ್ತಿಗೆದಾರರು ಬರೀ ಮಣ್ಣಿನ ಮೇಲೆ ಹಾಸಿ ಅರ್ಧ ದಿನದಲ್ಲಿ ಕೆಲಸ ಮುಗಿಸುತ್ತೇವೆ ಅಂದರೆ ಒಪ್ಪಬೇಡಿ. ಎಳೆಗಳ ನಡುವೆ ತುಂಬಲು ಕರಿ ರಬ್ಬರ್ ಪುಡಿ ಬೇಡ. ಬಿಸಿಲಿಗೆ ಕಾಯುತ್ತದೆ, ನಾಯಿ ನೆಕ್ಕುತ್ತದೆ. ಜಿಯೊಲೈಟ್ ಹರಳು ಹಾಕಿಸಿ. ಅದು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಖನಿಜ. ಹಾಗಂತ ತೊಳೆಯುವ ಕೆಲಸ ತಪ್ಪುವುದಿಲ್ಲ, ಹಿಡಿದು ಹಿಡಿದು ಅದೂ ತುಂಬಿಹೋಗುತ್ತದೆ.

ಅಂಚುಗಳನ್ನು ಗಟ್ಟಿಯಾಗಿ ಬಿಗಿಸಿ. ಲ್ಯಾಬ್ರಡಾರ್‌ಗೆ ಎದ್ದ ಒಂದು ಮೂಲೆ ಕಂಡರೆ ಸಾಕು, ಎಳೆಯಲು ಶುರು. ನುಂಗಿದ ಪ್ಲಾಸ್ಟಿಕ್ ಎಳೆ ಕರುಳಿಗೆ ಅಡ್ಡ ಬಂದರೆ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು.

ಪ್ರಶ್ನೆ: ತಾರಸಿಯಲ್ಲಿ ಹಾಸಿದ ಹುಲ್ಲು ಆರೇ ತಿಂಗಳಿಗೆ ನಾರುತ್ತಿದೆ. ದಿನಾ ಫಿನಾಯಿಲ್ ಹಾಕಿ ತೊಳೆದರೂ ಹೋಗುತ್ತಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಫಿನಾಯಿಲ್ ಇವತ್ತೇ ನಿಲ್ಲಿಸಿ. ಅಂಗಾಲಿಗೆ ಅಂಟಿದ್ದನ್ನು ನಾಯಿ ನೆಕ್ಕಿಕೊಳ್ಳುತ್ತದೆ, ಅದು ವಿಷ. ಬ್ಲೀಚಿಂಗ್ ಪೌಡರ್ ಕಡೆ ಹೋಗಲೇಬೇಡಿ. ಮೂತ್ರದ ಅಮೋನಿಯಾ ಜೊತೆ ಬೆರೆತರೆ ಉಸಿರಿಗೆ ಅಪಾಯಕಾರಿಯಾದ ಅನಿಲ ಏಳುತ್ತದೆ.

ಹಾಸನ್ನು ಒಮ್ಮೆ ಪೂರ್ತಿ ಸುತ್ತಿ ತೆಗೆದು ಕೆಳಗಿನ ಸಿಮೆಂಟ್ ನೋಡಿ. ನೀರು ನಿಂತ ಕಲೆ ಕಾಣಿಸಿದರೆ ನಾತದ ಮನೆ ಅಲ್ಲೇ ಇದೆ, ಮೇಲಿನಿಂದ ಎಷ್ಟು ತೊಳೆದರೂ ವ್ಯರ್ಥ. ಎಂಜೈಮ್ ಇರುವ ಪೆಟ್ ಕ್ಲೀನರ್ ಸುರಿದು, ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಿರಿ. ಆಮೇಲೆ ಹಾಸಿನ ಕೆಳಗೆ ನೀರು ಹರಿಯಲು ಸಂದು ಬಿಡುವ ಪ್ಲಾಸ್ಟಿಕ್ ಡ್ರೈನೇಜ್ ಹಾಸು ಹಾಕಿ, ವಾಟ ತಾರಸಿಯ ನೀರಿನ ಕಂಡಿಯ ಕಡೆಗಿದೆಯೇ ಎಂದು ಗಾರೆಯವರಿಂದ ನೋಡಿಸಿ. ನಾಯಿ ಮೂತ್ರ ಮಾಡಿದ ಕೂಡಲೇ ಒಂದು ಚೊಂಬು ನೀರು ಸುರಿಯುವ ರೂಢಿ ಇಟ್ಟುಕೊಳ್ಳಿ.

ಪ್ರಶ್ನೆ: ಹಿತ್ತಲಲ್ಲಿ ನೆರಳೇ ಇಲ್ಲ. ಬಿಸಿಲಿಗೆ ಕಾಯದ ಹುಲ್ಲು ಇದೆಯಂತೆ, ನಿಜವೇ?
– ಓದುಗರು, ಕಲಬುರಗಿ

ಉತ್ತರ: ಕಡಿಮೆ ಕಾಯುವುದು ಇದೆ, ಕಾಯದ್ದು ಇಲ್ಲ. ಕೃತಕ ಹುಲ್ಲು ಪಾಲಿಎಥಿಲೀನ್‌ ಎಂಬ ಪ್ಲಾಸ್ಟಿಕ್. ನಿಜವಾದ ಹುಲ್ಲು ನೀರನ್ನು ಆವಿಯಾಗಿಸಿ ತಣ್ಣಗಿರುತ್ತದೆ. ಇದಕ್ಕೆ ಆ ದಾರಿಯಿಲ್ಲ. ನೆತ್ತಿ ಮೇಲಿನ ಬಿಸಿಲಿಗೆ ಇದರ ಮೈ 60 ಡಿಗ್ರಿ ದಾಟುತ್ತದೆ. ನೀರು ಚಿಮುಕಿಸಿದರೆ ತಣಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಾಯುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಕಲಬುರಗಿಯ ಬೇಸಿಗೆಗೆ ನಾನು ಇದನ್ನು ಹೇಳಲಾರೆ. ಒಂದು ಹೊಂಗೆ ಸಸಿ ನೆಡಿ, ಅದು ಬೆಳೆಯುವವರೆಗೆ ಹಸಿರು ಶೇಡ್ ನೆಟ್ ಕಟ್ಟಿ, ಕೆಳಗೆ ಗರಿಕೆ ಬಿಡಿ. ತುಳಿದರೂ ಮತ್ತೆ ಚಿಗುರುತ್ತದೆ, ನಾಯಿ ಮೆಂದರೂ ಚಿಂತೆಯಿಲ್ಲ. ಮೂತ್ರದ ಸಾರಜನಕಕ್ಕೆ ಅಲ್ಲಲ್ಲಿ ಹಳದಿ ಮಚ್ಚೆ ಬೀಳುತ್ತದೆ, ಅಷ್ಟೇ. ಹೆಣ್ಣುನಾಯಿ ಕೂತು ಒಂದೇ ಕಡೆ ಮಾಡುವುದರಿಂದ ಮಚ್ಚೆ ಎದ್ದು ಕಾಣುತ್ತದೆ. ಒಂದು ಮೂಲೆಗೆ ಮರಳು ಸುರಿದು ಅದನ್ನೇ ಅದರ ಜಾಗವೆಂದು ಕಲಿಸಿ. ಮರಿಯಿದ್ದಾಗಲೇ ಶುರುಮಾಡಿದರೆ ಸುಲಭ.