ಟಗರುಮರಿಯ ಬೀಜ ಒಡೆಸಬೇಕೆ?

ಆಂಡಿಪಟ್ಟಿ, ಕಂಬಂ ಕಡೆ ಕಬ್ಬಿನ ಜೊತೆಗೆ ನಾಲ್ಕು ಕುರಿ ಸಾಕುವ ಸದಸ್ಯರು ಗಮನಿಸಬೇಕು. ಬೀಜ ಒಡೆಸಿದ ಮರಿ ಕೊಬ್ಬುತ್ತದೆಂಬ ಮಾತು ನಿಜವೇ. ಆದರೆ ಹೆಚ್ಚುವುದು ನೆಣ, ಮಾಂಸವಲ್ಲ. ಬೀಜದಲ್ಲಿ ಹುಟ್ಟುವ ಟೆಸ್ಟೋಸ್ಟಿರೋನ್ ಎಂಬ ರಸವು ಮಾಂಸಖಂಡವನ್ನು ಬೆಳೆಸತಕ್ಕದ್ದು. ಅದು ನಿಂತ ಮರಿ ಅದೇ ಮೇವು ತಿಂದರೂ ಟಗರಿನಷ್ಟು ಬೇಗ ತೂಕ ಹಾಕುವುದಿಲ್ಲ. ಆದುದರಿಂದ ವರ್ಷದೊಳಗೆ ಮಾರುವ ಮರಿಗೆ ಬೀಜ ಒಡೆಸುವುದು ನಷ್ಟವೇ ಸರಿ. ಹೆಚ್ಚು ಕಾಲ ಹಿಂಡಿನಲ್ಲಿರುವ, ತಳಿಗೆ ಬೇಡದ ಮರಿಗೆ ಮಾತ್ರ ಪಶುವೈದ್ಯರಿಂದ ಮಾಡಿಸಿರಿ.

ಇನ್ನು ಮೇವು. ನಮ್ಮದು ಘಟ್ಟದ ಮಳೆನೆರಳಿನ ಸೀಮೆ. 1959ರಲ್ಲಿ ವೈಗೈ ಅಣೆಕಟ್ಟು ಬಂದರೂ ಬಯಲಿನ ಹುಲ್ಲಿಗೆ ಅಕ್ಟೋಬರ್-ನವೆಂಬರ್ ಮಳೆಯೇ ಗತಿ. ಅಲ್ಲಿಯವರೆಗೆ ಕುರಿಗೆ ಅರೆಹೊಟ್ಟೆ. ಆಗ ಮೊದಲು ಕರಗುವುದು ನೆಣ, ಆಮೇಲೆ ಮಾಂಸ. ಹಾಲು ಬಿಟ್ಟು ಬಲಿತ ಮರಿ ಕೆಲವು ವಾರ ಕಡಿಮೆ ತಿಂದರೂ, ಮುಂದೆ ಚೆನ್ನಾಗಿ ಮೇಯಿಸಿದರೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಎಳೆಮರಿಗೆ ಆ ಶಕ್ತಿ ಕಡಿಮೆ; ಅದನ್ನು ಎಂದೂ ಬಳಲಿಸಬೇಡಿರಿ.

ಕಬ್ಬಿನ ಹಸಿ ಸೋಗೆ ಧಾರಾಳವಾಗಿದೆಯಲ್ಲಾ ಎನ್ನುವಿರಿ. ಅದು ಹೊಟ್ಟೆ ತುಂಬಿಸುತ್ತದೆ, ಸಸಾರಜನಕ ಸಾಲದು. 20 ಕಿಲೋ ಮರಿಯಲ್ಲಿ ನೂರಕ್ಕೆ 48ರಂತೆ ಮಾಂಸ ಬಿದ್ದರೆ 9 ಕಿಲೋ 600 ಗ್ರಾಂ. ಬರಿಯ ಹೊಟ್ಟೆಯೇ ಉಬ್ಬಿ 44ಕ್ಕೆ ಇಳಿದರೆ 8 ಕಿಲೋ 800 ಗ್ರಾಂ. ಕಟುಕರು ಬೆನ್ನು ಹಿಡಿದು ನೋಡುವುದು ಇದಕ್ಕೇ. ಮಾರುವ ಎರಡು ತಿಂಗಳ ಮುಂಚಿನಿಂದ ಕತ್ತರಿಸಿದ ಸೋಗೆಯ ಜೊತೆಗೆ ಅಗಸೆ ಸೊಪ್ಪನ್ನೂ ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನೂ ಕೊಡಿರಿ. ಹಿಂಡಿಯನ್ನು ಮೊದಲ ವಾರ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿರಿ, ಇಲ್ಲವಾದರೆ ಭೇದಿಯಾಗುತ್ತದೆ.