ಮಳೆಯ ಕುರುಹು, ಹಕ್ಕಿಯ ದನಿ, ಒಗಟು: ಕಮ್ಮರಡಿ ಸೀಮೆಯ ಜನಪದ ತಿಳಿವಳಿಕೆಯನ್ನು ಕುರಿತು

ಮಲೆನಾಡಿನ ಮಳೆಗಾಲವನ್ನು ಕುರಿತ ಜನಪದ ಸಾಮಗ್ರಿಯನ್ನು ಗಾದೆ, ಶಕುನ, ಒಗಟು ಎಂದು ಬೇರೆಬೇರೆ ಕಟ್ಟುಗಳಲ್ಲಿ ಇರಿಸುವುದು ನಮ್ಮ ಸಂಗ್ರಹಗಳ ರೂಢಿ. ಕೊಪ್ಪ ತಾಲ್ಲೂಕಿನ ಕಮ್ಮರಡಿಯಂತಹ ಅಡಿಕೆ, ಭತ್ತದ ಸೀಮೆಯಲ್ಲಿ ಇವು ಒಂದೇ ದುಡಿಮೆಗೆ ಸೇರಿದವು. ಮಳೆ ಬಿಡದೆ ಹಿಡಿಯುವ ಮುನ್ನ ಅಡಿಕೆಗೊನೆಗೆ ಕೊಟ್ಟೆ ಕಟ್ಟಬೇಕು, ಇಲ್ಲವೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ತಡವಾದರೆ ಕೊಳೆರೋಗ ಎಳೆಗಾಯಿಗಳನ್ನು ಉದುರಿಸುತ್ತದೆ. ಕುರುಹನ್ನು ಓದುವುದು ಇಲ್ಲಿ ಫಸಲಿನ ಪ್ರಶ್ನೆ.

ಈ ಓದಿಗೆ ಶಾಸ್ತ್ರದ ಬೆಂಬಲವೂ ಹಳೆಯದು. ಕಾರಣವಿಲ್ಲದೆ ಇರುವೆಗಳು ಮೊಟ್ಟೆ ಸಾಗಿಸಿದರೆ ಮಳೆ ಸನ್ನಿಹಿತವೆಂದು 6ನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಹೇಳುತ್ತಾನೆ. ಕನ್ನಡದಲ್ಲಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025), ರಟ್ಟಕವಿಯ ‘ರಟ್ಟಮತ’ (ಸು. 1300) ಮಳೆಯ ಲಕ್ಷಣಗಳನ್ನು ಚರ್ಚಿಸುತ್ತವೆ.

ಆದರೆ ಎಲ್ಲ ಕುರುಹುಗಳೂ ಒಂದೇ ಬಗೆಯವಲ್ಲ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಪಂಚಾಂಗವನ್ನು ಆಶ್ರಯಿಸಿದೆ. ಸೂರ್ಯನು ಒಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳೇ ಒಂದು ‘ಮಳೆ’. ಅಯನಚಲನೆಯ ಕಾರಣ ಈ ಎಣಿಕೆ ಋತುವಿನಿಂದ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಇಂದು ಜೂನ್ 21-22ರ ವೇಳೆಗೆ ಹುಟ್ಟುವ ಆರಿದ್ರೆ, ರಟ್ಟಕವಿಯ ಕಾಲದಲ್ಲಿ ಋತುಮಾನದ ಲೆಕ್ಕಕ್ಕೆ ಹತ್ತು ದಿನ ಮುಂಚೆಯೇ ಹುಟ್ಟುತ್ತಿತ್ತು. ಹಕ್ಕಿಗೆ ಈ ತೊಡಕಿಲ್ಲ. ಬೆಳಗಿನ ಜಾವ ಹಳ್ಳದ ಬಂಡೆಗಳ ನಡುವೆ ಮನುಷ್ಯರಂತೆ ಸಿಳ್ಳು ಹಾಕುವ ಸಿಳ್ಳಾರ, ನೀರು ಏರುವ ಕಾಲಕ್ಕೇ ಗೂಡು ಕಟ್ಟಿ ಹಾಡುತ್ತದೆ. ಗಾದೆ ತಪ್ಪಿತೆಂದು ಜನಪದ ತಿಳಿವಳಿಕೆಯನ್ನೇ ಅಲ್ಲಗಳೆಯುವವರು ಈ ಭೇದವನ್ನು ಗಮನಿಸಬೇಕು.

ಹಕ್ಕಿಯ ಕುರುಹು ಊರು ಬಿಟ್ಟರೆ ನಿಲ್ಲದು ಎಂಬುದಕ್ಕೆ ಐರ್ಲೆಂಡಿನ ನಿದರ್ಶನವಿದೆ. ಅಲ್ಲಿನ ಜಾನಪದ ಆಯೋಗ 1937-39ರಲ್ಲಿ ಶಾಲಾಮಕ್ಕಳಿಂದ ಹವಾಮಾನದ ನಂಬಿಕೆ, ಒಗಟುಗಳನ್ನು ಬರೆಯಿಸಿತು. ಕವಲುಬಾಲದ ಸ್ವಾಲೋ ಹಕ್ಕಿ ನೆಲಮಟ್ಟಕ್ಕೆ ಹಾರಿದರೆ ಮಳೆ ಎಂಬುದು ಅಲ್ಲಿ ಮನೆಮಾತು. ಅದೇ ಹಕ್ಕಿ ನಮಗೆ ಚಳಿಗಾಲದ ಅತಿಥಿ. ಮುಂಗಾರು ಬರುವ ಹೊತ್ತಿಗೆ ಇಲ್ಲಿರುವುದೇ ಇಲ್ಲ. ಆ ಕೆಲಸವನ್ನು ಮಲೆನಾಡಿನಲ್ಲಿ ತಗ್ಗಿನಲ್ಲಿ ಹಾರುವ ಏರೋಪ್ಲೇನ್ ಚಿಟ್ಟೆ ಮಾಡುತ್ತದೆ.

ಒಗಟಿನ ಮಾತು ಬೇರೆ. ‘ಅಮ್ಮನ ಸೀರೆ ಮಡಿಸಲಾಗದು, ಅಪ್ಪನ ದುಡ್ಡು ಎಣಿಸಲಾಗದು’ ಎಂಬುದರ ಉತ್ತರ ಆಕಾಶ ಮತ್ತು ನಕ್ಷತ್ರ. ಎಣಿಸಲಾಗದೆಂದ ಆ ನಕ್ಷತ್ರಗಳಲ್ಲೇ ಇಪ್ಪತ್ತೇಳನ್ನು ಆಯ್ದು ರೈತ ಮಳೆಯನ್ನು ಎಣಿಸುತ್ತಾನೆ. ಸೂರ್ಯನಿರುವ ನಕ್ಷತ್ರ ಹಗಲ ಬೆಳಕಿನಲ್ಲಿ ಅಡಗಿರುತ್ತದೆ. ಆರಿದ್ರೆ ಮಳೆ ಸುರಿಯುವಷ್ಟು ದಿನವೂ ಆರಿದ್ರಾ ನಕ್ಷತ್ರ ಯಾರ ಕಣ್ಣಿಗೂ ಬೀಳದು.