ದವಡೆಯ ಶಸ್ತ್ರಚಿಕಿತ್ಸೆಯಾದರೆ ಮಾತು ಏನಾಗುತ್ತದೆ?



ದವಡೆ ಸರಿಪಡಿಸುವ ಆಪರೇಷನ್ ಎಂದೊಡನೆ ಕೆಲವರು "ಮಾತೇ ನಿಂತುಹೋದರೆ?" ಎಂದು ಹೆದರುತ್ತಾರೆ. ಇನ್ನು ಕೆಲವರು "ಇದಾದರೆ ತೊದಲು ಹೋಗುತ್ತದಲ್ಲವೇ?" ಎಂಬ ಆಸೆ ಇಟ್ಟುಕೊಂಡು ಬರುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ರೋಗಿಯೂ ಮನೆಯವರೂ ಇದನ್ನು ಸಮಾಧಾನದಿಂದ ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

ಧ್ವನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಅದನ್ನು ಈ ಶಸ್ತ್ರಚಿಕಿತ್ಸೆ ಮುಟ್ಟುವುದಿಲ್ಲ. ಆ ಧ್ವನಿಯನ್ನು ಅಕ್ಷರವಾಗಿಸುವುದು ತುಟಿ, ನಾಲಗೆ, ಹಲ್ಲು, ಅಂಗುಳ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಪ, ಬ, ಮ ಎನ್ನಲು ಎರಡೂ ತುಟಿ ಕೂಡಬೇಕು. ತ, ದ ಎನ್ನಲು ನಾಲಗೆಯ ತುದಿ ಮೇಲಿನ ಹಲ್ಲಿಗೆ ತಾಗಬೇಕು. ಸ ಎನ್ನುವಾಗ ಗಾಳಿ ಕಿರಿದಾದ ಸಂದಿನಲ್ಲಿ ಹಾದುಹೋಗಬೇಕು. ಕೆಳದವಡೆ ಮುಂದಕ್ಕೆ ಚಾಚಿದ್ದರೆ, ಅಥವಾ ಹಿಂದಿನ ಹಲ್ಲು ಕಚ್ಚಿದಾಗಲೂ ಮುಂದಿನ ಹಲ್ಲುಗಳ ನಡುವೆ ಕಿಂಡಿ ಉಳಿದರೆ, ಮೊದಲು ಕೆಡುವುದು ಸ, ಶ, ಚ, ಜ. ಕ, ಗ ನಾಲಗೆಯ ಹಿಂಭಾಗದಲ್ಲಿ ಹುಟ್ಟುವುದರಿಂದ ಅವಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಬಾಯಿಯ ಒಳಗಿನಿಂದಲೇ ಮೂಳೆಯನ್ನು ಬಿಡಿಸಿ, ಸರಿಯಾದ ಜಾಗಕ್ಕೆ ಜರುಗಿಸಿ, ಸಣ್ಣ ಟೈಟೇನಿಯಂ ಪ್ಲೇಟು, ಸ್ಕ್ರೂಗಳಿಂದ ಕೂಡಿಸುತ್ತಾರೆ. ಇದು ಹೊಸ ಪ್ರಯೋಗವಲ್ಲ. ಕೆಳದವಡೆಯನ್ನು ಸೀಳಿ ಜರುಗಿಸುವ ಕ್ರಮವನ್ನು ಡಾ. ಹ್ಯೂಗೊ ಓಬ್ವೆಗೇಸರ್ 1950ರ ದಶಕದಲ್ಲೇ ರೂಢಿಗೆ ತಂದರು.

ಆದರೆ ಜರುಗುವುದು ಮೂಳೆ ಮಾತ್ರ, ನಾಲಗೆಯ ಅಭ್ಯಾಸವಲ್ಲ. ಇಪ್ಪತ್ತು ವರ್ಷ ಕಿಂಡಿಯೊಳಗೆ ತೂರಿಕೊಂಡು ಸ ಹೇಳಿದ ನಾಲಗೆ ಕಿಂಡಿ ಮುಚ್ಚಿದ ಮೇಲೂ ಅಲ್ಲಿಗೇ ಹೋಗಬಹುದು. ಹಲವರಲ್ಲಿ ಅದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಕೆಲವರಿಗೆ ವಾಕ್ ಚಿಕಿತ್ಸೆ ಬೇಕಾಗುತ್ತದೆ. ಉಗ್ಗು ಇದಕ್ಕೆ ಸಂಬಂಧಿಸಿದ್ದಲ್ಲ, ಈ ಆಪರೇಷನ್ನಿನಿಂದ ಅದು ಹೋಗುವುದೂ ಇಲ್ಲ. ಕಚ್ಚುವುದು, ಅಗಿಯುವುದು ಸರಿಯಿದ್ದು, ಮಾತೊಂದೇ ಸ್ಪಷ್ಟವಾಗಲಿ ಎಂದು ದವಡೆ ಕೊಯ್ಸಿಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಬೇಡ.

ಹುಟ್ಟಿನಿಂದ ಸೀಳು ಅಂಗುಳ ಇದ್ದು, ಚಿಕ್ಕಂದಿನಲ್ಲಿ ಹೊಲಿಸಿಕೊಂಡವರು ಮುಂದಿನ ಮಾತನ್ನು ವಿಶೇಷವಾಗಿ ಗಮನಿಸಬೇಕು. ನಾವು ಮಾತಾಡುವಾಗ ಅಂಗುಳದ ಹಿಂದಿನ ಮೆತ್ತನೆಯ ಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಮೇಲ್ದವಡೆಯನ್ನು ಮುಂದಕ್ಕೆ ತಂದರೆ ಅದೂ ಜೊತೆಗೆ ಮುಂದೆ ಬರುತ್ತದೆ. ಅಂಗುಳ ಆರೋಗ್ಯವಾಗಿದ್ದವರಲ್ಲಿ ಅದು ಸಾಮಾನ್ಯವಾಗಿ ಹಿಗ್ಗಿ ದಾರಿ ಮುಚ್ಚಿಕೊಳ್ಳುತ್ತದೆ. ಹೊಲಿಗೆ ಬಿದ್ದ ಅಂಗುಳ ಗಿಡ್ಡವಾಗಿ, ಬಿರುಸಾಗಿದ್ದರೆ ಮುಚ್ಚದೆ ಸಂದು ಉಳಿದೀತು. ಆಗ ಗಾಳಿ ಮೂಗಿನಿಂದ ಸೋರಿ ಬ ಎಂದದ್ದು ಮ ಆಗಿ, ದ ಎಂದದ್ದು ನ ಆಗಿ ಕೇಳುತ್ತದೆ. ಮುಖ ಚೆಂದವಾಯಿತು, ಮಾತು ಮೂಗಿಗೆ ಹೋಯಿತು ಎಂಬಂತೆ ಆಗಬಾರದಲ್ಲ! ಆದ್ದರಿಂದ ಹಳೆಯ ಆಪರೇಷನ್ ವಿಷಯವನ್ನು, ಮದುವೆ ಸಂಬಂಧದ ಸಂಕೋಚಕ್ಕಾಗಲಿ ಬೇರೆ ಕಾರಣಕ್ಕಾಗಲಿ, ವೈದ್ಯರಿಂದ ಮುಚ್ಚಿಡಬೇಡಿ. ಮೊದಲೇ ವಾಕ್ ತಜ್ಞರು ಪರೀಕ್ಷಿಸಬೇಕು. "ಪಪ್ಪ" ಎನ್ನುವಾಗ ಮೂಗಿನ ಕೆಳಗೆ ಹಿಡಿದ ಕನ್ನಡಿ ಮಂಜಾಗುತ್ತದೆಯೇ ಎಂದು ನೋಡುತ್ತಾರೆ. ಬೇಕಾದರೆ ಮೂಗಿನ ಮೂಲಕ ಸಣ್ಣ ಕೊಳವೆ ದುರ್ಬೀನು ಹಾಕುತ್ತಾರೆ. ಅಪಾಯ ಕಂಡರೆ ಯೋಜನೆ ಬದಲಾಗಬಹುದು, ಇಲ್ಲವೆ ಮುಂದೆ ಅಂಗುಳಕ್ಕೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಮೊದಲೇ ತಿಳಿದಿರುತ್ತದೆ.

ಆಪರೇಷನ್ ಆದ 2–3ನೇ ದಿನ ಊತ ಹೆಚ್ಚು. ಅರಿವಳಿಕೆಯ ಕೊಳವೆಯಿಂದ ಧ್ವನಿ ಕೆಲವು ದಿನ ಒಡೆದಂತಿರುತ್ತದೆ. ಹಲ್ಲುಗಳಿಗೆ ರಬ್ಬರ್ ಹಾಕಿದ್ದರೆ ಮಾತು ಬಾಯೊಳಗೇ ಉಳಿಯುತ್ತದೆ. ಕೆಳದುಟಿ ಜೋಮು ಹಿಡಿದಂತಾಗಿ ಜೊಲ್ಲು ಸುರಿಯಬಹುದು. ಸ್ಪರ್ಶ ತಿಳಿಸುವ ನರಕ್ಕೆ ಪೆಟ್ಟಾಗಿರುವುದು ಇದಕ್ಕೆ ಕಾರಣ. ತುಟಿ ಅಲ್ಲಾಡಿಸುವ ನರ ಬೇರೆ. ಜೋಮು ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಸ್ವಲ್ಪ ಉಳಿದುಬಿಡುವುದೂ ಉಂಟು. ಮೂಳೆ ಕೂಡಲು ಸುಮಾರು 6 ವಾರ ಬೇಕು. ಮಾತು ಹೇಗಾಯಿತೆಂದು ತೀರ್ಮಾನಿಸಲು ಆರು ತಿಂಗಳಾದರೂ ತಾಳಿ.

ಮನೆಯವರಿಗೊಂದು ಮಾತು. ಊತ ಇರುವಾಗ "ಏನಂದೆ, ಇನ್ನೊಮ್ಮೆ ಹೇಳು" ಎಂದು ಪೀಡಿಸಬೇಡಿ. ಹೌದು, ಇಲ್ಲ ಎಂದು ತಲೆಯಾಡಿಸಿದರೆ ಸಾಕಾಗುವಂತೆ ಕೇಳಿ. ಹಾಸಿಗೆಯ ಪಕ್ಕ ಪಾಟಿ ಬಳಪವನ್ನೋ ಪುಸ್ತಕ ಪೆನ್ನನ್ನೋ ಇಡಿ. ನೋಡಲು ಬಂದವರೆದುರು "ಇವಳಿಗೆ ಇನ್ನೂ ಮಾತೇ ಸರಿಯಾಗಿಲ್ಲ" ಎನ್ನಬೇಡಿ. ಅವಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿರುತ್ತದೆ.

ವೈದ್ಯರು ಅನುಮತಿ ಕೊಟ್ಟ ಮೇಲೆ ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ, ಕನ್ನಡಿ ನೋಡುತ್ತ ನಿಧಾನವಾಗಿ ಗಟ್ಟಿಯಾಗಿ ಹೇಳಿ. ಬಾಯಿಪಾಠವಿರುವ ವಚನ ಇದಕ್ಕೆ ಬಹಳ ಅನುಕೂಲ. ಪದ ಹುಡುಕುವ ಕೆಲಸವಿಲ್ಲ, ಗಮನವೆಲ್ಲ ಅಕ್ಷರದ ಮೇಲಿರುತ್ತದೆ. ನಿಮಗೆ ಬರುವ ಪ್ರಾರ್ಥನೆ, ಪದ್ಯ ಯಾವುದಾದರೂ ಆದೀತು. ಹೆಚ್ಚಿನ ತರಬೇತಿ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕುಡಿದ ನೀರು ಮೂಗಿನಿಂದ ಬಂದರೆ, ಊತ ಇಳಿದ ಮೇಲೂ ಮಾತು ಮೂಗಿನಿಂದಲೇ ಕೇಳುತ್ತಿದ್ದರೆ, ಅಥವಾ ಸರಿಯಾಗುತ್ತಿದ್ದ ಮಾತು ಮತ್ತೆ ಕೆಟ್ಟು ಹಲ್ಲು ಕೂಡುವ ರೀತಿ ಬದಲಾದಂತೆನಿಸಿದರೆ, ಮುಂದಿನ ತಪಾಸಣೆಯ ದಿನ ಕಾಯದೆ ಡಿಸ್ಚಾರ್ಜ್ ಚೀಟಿಯೊಂದಿಗೆ ಹೊರರೋಗಿ ವಿಭಾಗಕ್ಕೆ ಬನ್ನಿ.